ತಂತಮ್ಮ ದಿನ

ಮಣಿಕೊಂಡ, ಹೈದರಾಬಾದ್
17 ನವೆಂಬರ್ 2006, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಪೂರ್ವಿ ಅಪ್ಪನವರಿಗೆ,

ಹೀಗೆ ಬರೆದರೆ ನೀವು ಮೀಸೆಯೊಳಗೇ ನಗುತ್ತೀರೆಂದು ಗೊತ್ತು. ಅಮೆರಿಕದ ಗಿರಾಕಿಗಳನ್ನು ಫೋನಿನಲ್ಲಿ ಹೆಸರು ಹಿಡಿದೇ ಮಾತಾಡಿಸಬೇಕು ಎಂದು ದಿನವೂ ನಲವತ್ತು ಹುಡುಗ ಹುಡುಗಿಯರಿಗೆ ಪಾಠ ಹೇಳುವವಳು ನಾನು. ನಿಮ್ಮ ಹೆಸರನ್ನು ಮಾತ್ರ ಲಕೋಟೆಯ ಮೇಲಲ್ಲದೆ ಇನ್ನೆಲ್ಲೂ ಬರೆಯಲು ಕೈ ಬರುವುದಿಲ್ಲ. ಮದುವೆಗೆ ಮುಂಚೆ ನಿಮಗೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದಾಗ ಈ ತೊಂದರೆ ಇರಲಿಲ್ಲ. ನೀವು ಹಟ ಹಿಡಿದು ಪ್ರತಿ ಪತ್ರಕ್ಕೂ ಕನ್ನಡದಲ್ಲೇ ಉತ್ತರಿಸಿ ಕಾನ್ವೆಂಟಿನ ಹುಡುಗಿಗೆ ಒತ್ತಕ್ಷರ ಕಲಿಸಿದಿರಿ. ಕಲಿತ ಮೇಲೆ ಹೆಸರು ಬರೆಯುವ ಧೈರ್ಯ ಹೋಯಿತು.

ನಿಮ್ಮ ಎದೆ ಉರಿ ಹೇಗಿದೆ? ಬರಿಹೊಟ್ಟೆಯಲ್ಲಿ ಚಹಾ ಕುಡಿದು ಬೆಳಗಿನ ಐದಕ್ಕೇ ಪಂಪ್‌ಹೌಸಿಗೆ ಓಡುವುದನ್ನು ಬಿಟ್ಟಿರಾ? ನೀವು ಹೋಗದಿದ್ದರೂ ಕೃಷ್ಣೆಯ ನೀರು ರಾಯಚೂರಿಗೆ ಬರುತ್ತದೆ. ಒಂದು ಬಿಸ್ಕೀಟಾದರೂ ಬಾಯಿಗೆ ಹಾಕಿಕೊಂಡು ಹೋಗಿ. ನಿಮ್ಮ ಅವ್ವನ ಮೊಣಕಾಲಿಗೆ ಚಳಿ ಶುರುವಾಗುವ ಮೊದಲೇ ಎಣ್ಣೆ ತಿಕ್ಕಿಸಬೇಕು. ರೊಟ್ಟಿ ಬಡಿಯುವ ಅನ್ನಮ್ಮ ದಿನವೂ ಬರುತ್ತಾಳೆಯೇ ಎಂದು ಹೋದ ಭಾನುವಾರ ಅವ್ವನನ್ನು ಕೇಳಿದೆ. "ಬರ್ತಾಳ, ಬರ್ತಾಳ. ಆಕಿ ರೊಟ್ಟೀನೂ ನಿನ್ನ ಇಂಗ್ಲಿಷ್ ಇದ್ದಂಗ, ಕಡಕ್" ಎಂದರು. ಆಮೇಲೆ ಎಂದಿನ ಮಾತು: "ಅಲ್ಲಿ ಹುಡುಗರಿಗೆ ಮಾತಾಡೂದು ಕಲಸ್ತೀಯಂತಲ್ಲ, ಯಾಕ, ಅವರವ್ವಗೋಳು ಕಲಿಸಿಲ್ಲೇನು?" ಹನ್ನೊಂದು ತಿಂಗಳಿಂದ ಇದೇ ಪ್ರಶ್ನೆ. ಪೂರ್ವಿ ಬಳ್ಳಾರಿಯ ಹಾಸ್ಟೆಲ್ಲಿನಿಂದ ಬುಧವಾರ ಫೋನ್ ಮಾಡಿದ್ದಳು. ಓದು, ಊಟ ಎಲ್ಲ ಸರಿಯಾಗಿದೆಯಂತೆ. ಕೊನೆಯಲ್ಲಿ, "ನಾ ನಿಮ್ಮಿಬ್ಬರ ನಡುವಿನ ಪೋಸ್ಟ್‌ಮ್ಯಾನ್ ಅಲ್ಲಮ್ಮಾ, ನೀವ ಮಾತಾಡ್ಕೊಳ್ರಿ" ಎಂದಳು. ನಿಮಗೂ ಹಾಗೇ ಅಂದಿರುತ್ತಾಳೆ.

ಭಾನುವಾರವೇ ಮಾತಾಡಿದ್ದೇವಲ್ಲ, ಮತ್ತೆ ಪತ್ರವೇಕೆ ಎನ್ನಬೇಡಿ. ನಮ್ಮ ಮನೆಯ ಫೋನು ಅವ್ವನ ಮಂಚದ ತಲೆದಿಂಬಿನ ಪಕ್ಕದಲ್ಲಿದೆ. ಇಲಾಖೆಯ ಮೊಬೈಲಿನಲ್ಲಿ ಮನೆಮಾತು ಆಡಬಾರದು ಎಂಬುದು ನಿಮ್ಮ ನೇಮ. ನನ್ನ ಜೊತೆ ಈ ಫ್ಲಾಟಿನಲ್ಲಿರುವ ಚಿತ್ರಾಗೆ, ಅದೇ ಮಂಗಳೂರಿನ ಹುಡುಗಿಗೆ, ನಾನು ಕಾಗದ ತೆಗೆದರೆ ತಮಾಷೆ. "ಆಂಟಿ, ಅಂಕಲ್‌ಗೆ ಒಂದು ಈಮೇಲ್ ಮಾಡಿಬಿಡಿ ಮಾರಾಯ್ರೆ, ಒಂದು ನಿಮಿಷದ ಕೆಲಸ" ಎನ್ನುತ್ತಾಳೆ. ಒಂದು ನಿಮಿಷದಲ್ಲಿ ತಲುಪಿಬಿಡುವ ಮಾತಲ್ಲ ಇದು. ತಲುಪುವ ಮುಂಚೆ ಸ್ವಲ್ಪ ಹೊತ್ತು ದಾರಿಯಲ್ಲಿರಬೇಕು. ಬೇಗಂ ಬಜಾರಿನಲ್ಲಿ ಅಕ್ಕಿ ವ್ಯಾಪಾರ ಮಾಡುವ ನಮ್ಮೂರ ಮಲ್ಲಪ್ಪನವರು ಸಂಜೆ ಜೀಪಿನಲ್ಲಿ ಊರಿಗೆ ಹೊರಟಿದ್ದಾರೆ, ಈ ಕಡೆ ಒಬ್ಬರನ್ನು ಹತ್ತಿಸಿಕೊಳ್ಳಲು ಬರುತ್ತಾರೆ. ಅವರ ಕೈಯಲ್ಲಿ ಕೊಟ್ಟರೆ ನಾಳೆ ಬೆಳಿಗ್ಗೆ ನಿಮ್ಮ ಕೈ ಸೇರುತ್ತದೆ.

ಇಲ್ಲಿ ಎಲ್ಲ ಹಾಗೆಯೇ ಇದೆ. ಮಧ್ಯಾಹ್ನ ಹನ್ನೆರಡಕ್ಕೆ ಬಂಡೆಗೆ ಮದ್ದಿಟ್ಟು ಸಿಡಿಸುತ್ತಾರೆ, ಕಿಟಕಿಯ ಗಾಜು ನಡುಗುತ್ತದೆ. ನಾನು ಬಂದಾಗ ಎದುರಿಗಿದ್ದ ಆನೆಯಂಥ ಬಂಡೆ ಈಗಿಲ್ಲ, ಅಲ್ಲಿ ಆರಂತಸ್ತಿನ ಕಟ್ಟಡ ಎದ್ದಿದೆ. ನೀರು ಮಾತ್ರ ಇನ್ನೂ ಟ್ಯಾಂಕರಿನಲ್ಲೇ ಬರಬೇಕು. ಅದರ ಪೈಪು ಜೋಡಣೆಯ ಹತ್ತಿರ ಸೋರುತ್ತದೆ. ಸೋರುವುದನ್ನು ಬಾಲ್ಕನಿಯಿಂದ ನೋಡಿದಾಗಲೆಲ್ಲ, ನೀವಿದ್ದಿದ್ದರೆ ಕೆಳಗಿಳಿದು ಡ್ರೈವರನಿಗೆ ಅರ್ಧ ಗಂಟೆ ಬುದ್ಧಿ ಹೇಳಿ, ಹಳೆಯ ಸೈಕಲ್ ಟ್ಯೂಬು ಬಿಗಿದು, ಪ್ಯಾಂಟು ಒದ್ದೆ ಮಾಡಿಕೊಂಡು ಮೇಲೆ ಬರುತ್ತಿದ್ದಿರಿ ಎಂದುಕೊಳ್ಳುತ್ತೇನೆ. ವಾರಕ್ಕೆ ಮೂರು ಸಲ ಟ್ಯಾಂಕರ್ ಬರುತ್ತದೆ.

ಕಂಪನಿಯ ಫಾರಂ ವಿಷಯ ಭಾನುವಾರ ಹೇಳಿದ್ದೆ. ಡಿಸೆಂಬರಿಗೆ ನನ್ನ ಒಂದು ವರ್ಷದ ಕರಾರು ಮುಗಿಯುತ್ತದೆ. ಇನ್ನೂ ಎರಡು ವರ್ಷ ಇರುವುದಾದರೆ ಸಹಿ ಹಾಕಿ ಸೋಮವಾರ ಸಂಜೆಯೊಳಗೆ ಕೊಡಬೇಕು. ಇಲ್ಲವಾದರೆ ಜನವರಿಯಲ್ಲಿ ಮರಳಿ ಊರಿಗೆ, ನಾನು ಪಾಠ ಹೇಳುತ್ತಿದ್ದ ಶಾಲೆಗೆ. ನಾನು ಇದನ್ನು ಹೇಳಿದಾಗ ನೀವು, "ನಿನಗ ಹ್ಯಾಂಗ ಅನಸ್ತೈತಿ ಹಂಗ ಮಾಡು. ನನ್ನದೇನೈತಿ?" ಎಂದಿರಿ. ಫೋನು ಇಟ್ಟ ಮೇಲೆ ಆ "ನನ್ನದೇನೈತಿ" ನನ್ನ ಜೊತೆಯಲ್ಲೇ ಉಳಿಯಿತು. ಇವರಿಗೆ ನಾನು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ ಎಂದುಕೊಂಡೆ. ಸಿಟ್ಟಿನಲ್ಲಿ ಆ ರಾತ್ರಿಯೇ ಪೆನ್ನಿನ ಟೊಪ್ಪಿಗೆ ತೆಗೆದೆ. ಯಾಕೋ ಕೈ ಮುಂದೆ ಹೋಗಲಿಲ್ಲ. ಸಹಿ ಹಾಕುವ ಮೊದಲು ಒಂದು ಹಳೆಯ ಕೆಲಸ ಬಾಕಿಯಿದೆ ಅನ್ನಿಸಿತು. ಅದನ್ನು ಮುಗಿಸಲು ಇಂದು ಬೆಳಿಗ್ಗೆ ಹೋಗಿದ್ದೆ. ಅಲ್ಲಿ ಏನಾಯಿತೆಂದು ಹೇಳಲು ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು.

ಹೋದ ವರ್ಷ ದಸರಾ ರಜೆಯಲ್ಲಿ ನಾವಿಬ್ಬರೂ ಹೈದರಾಬಾದ್ ನೋಡಲು ಬಂದಾಗ ತಂತಮ್ಮ ದಿನ ಮಾಡಿದೆವಲ್ಲ, ಆ ದಿನ ನಾನು ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಹೋಗಿರಲಿಲ್ಲ.

ಈ ಸಾಲು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಇನ್ನು ಸರಾಗವಾಗಿ ಬರೆಯಬಹುದು.

ತಂತಮ್ಮ ದಿನ ಹುಟ್ಟಿದ್ದು ನಿಮಗೆ ನೆನಪಿದೆಯಲ್ಲ? ಮದುವೆಯಾದ ಹೊಸದರಲ್ಲಿ ಬಿಜಾಪುರಕ್ಕೆ ಹೋದಾಗ, ಟಾಂಗಾದಲ್ಲಿ ಕೂತು ಜಗಳ. ನಿಮಗೆ ತಾಜ್ ಬಾವಡಿ, ಊರಿಗೆಲ್ಲ ನೀರು ಹಂಚುತ್ತಿದ್ದ ಗಂಜು ಎಂಬ ಗೋಪುರಗಳು. ನನಗೆ ಗೋಡೆಯ ಚಿತ್ರ, ಕಮಾನು, ಕೆತ್ತನೆ. ಮಧುಚಂದ್ರಕ್ಕೆ ಬಂದು ಬಾವಿ ಇಣುಕುವ ಗಂಡ ಎಂದು ನಾನು ಮುಖ ಊದಿಸಿದ್ದೆ. ಕೊನೆಗೆ ಟಾಂಗಾದವನೇ ತೀರ್ಪು ಕೊಟ್ಟ: "ಸಾಹೇಬ್ರ, ನನ್ನ ಕುದರಿ ಒಂದ ಐತ್ರಿ, ಎರಡೂ ಕಡೆ ಹೋಗೂದಿಲ್ಲ. ಯಾರರೆ ಒಬ್ರು ಇಳೀರಿ." ನೀವು ಇಳಿದಿರಿ. ಸಂಜೆ ಗೋಳಗುಮ್ಮಟದ ಮೆಟ್ಟಿಲ ಮೇಲೆ ಸೇರಿದಾಗ ಬಾವಿಯ ಒಂದೇ ಒಂದು ಮಾತು ಹೇಳಿದಿರಿ, ನೀರಿನ ಮಟ್ಟ ಇಳಿದಾಗ ಕಲ್ಲಿನ ಮೇಲೆ ವರ್ಷ ವರ್ಷದ ಗೆರೆ ಕಾಣುತ್ತದೆ ಎಂದು. ನಾನು ಮೇಲಿಂದ ಮೇಲೆ ಪ್ರಶ್ನೆ ಹಾಕಿದೆ. "ಹಿಂಗ ಜಗ್ಗಿದರ ಉಳಿಯೂದು ಏನೂ ಇಲ್ಲ. ಹೇಳಿದ್ದಷ್ಟ ತೊಗೋ, ಮ್ಯಾಲೆ ಪ್ರಶ್ನೆ ಇಲ್ಲ" ಎಂದಿರಿ. ಅಂದಿನಿಂದ ಎಲ್ಲಿ ಹೋದರೂ ಒಂದು ದಿನ ನಿಮ್ಮ ದಾರಿ ನಿಮಗೆ, ನನ್ನ ದಾರಿ ನನಗೆ. ಸಂಜೆ ಗೊತ್ತು ಮಾಡಿದ ಜಾಗದಲ್ಲಿ ಸೇರಿ ಇಬ್ಬರೂ ಒಂದೊಂದೇ ಸಂಗತಿ ಹೇಳಬೇಕು, ಕಂಡದ್ದರಲ್ಲಿ ಎಲ್ಲಕ್ಕಿಂತ ಚಲೋದು. ಕೇಳಿದವರು ಪ್ರಶ್ನೆ ಹಾಕಬಾರದು. ಹಂಪಿ, ಬಾದಾಮಿ, ಮೈಸೂರು, ಎಲ್ಲ ಕಡೆಯೂ ಹೀಗೇ ಆಯಿತು. ಮೊಬೈಲ್ ಬಂದ ಮೇಲೂ ಆ ದಿನ ಅದನ್ನು ಲಾಡ್ಜಿನಲ್ಲೇ ಬಿಟ್ಟು ಹೋಗುತ್ತಿದ್ದೆವು. ನಮ್ಮಕ್ಕ ನಲಿನಿ, "ಇದೆಂಥಾ ಜೋಡಿ, ಹೊಂಟಿದ್ದು ಕೂಡಿ, ತಿರುಗೂದು ಬ್ಯಾರೆ" ಎಂದು ಆಡಿಕೊಂಡರೂ ನನಗೆ ಆ ಸಂಜೆಗಳಷ್ಟು ಪ್ರೀತಿಯದು ಬೇರೆ ಯಾವುದೂ ಇರಲಿಲ್ಲ. ದಿನವಿಡೀ ನಿಮಗೆ ಏನು ಹೇಳಲಿ ಎಂದು ಆರಿಸುತ್ತಾ ತಿರುಗುತ್ತಿದ್ದೆ. ಜೊತೆಯಲ್ಲಿ ಇದ್ದ ದಿನಗಳಿಗಿಂತ ಆ ದಿನಗಳಲ್ಲೇ ನೀವು ನನ್ನ ಜೊತೆ ಹೆಚ್ಚು ಇರುತ್ತಿದ್ದಿರಿ.

ಅಂಥ ದಿನವನ್ನು ನಾನು ಸುಳ್ಳಿಗೆ ಬಳಸಿದೆ. ಈ ಕಂಪನಿಯ ಜಾಹೀರಾತನ್ನು ಪತ್ರಿಕೆಯಲ್ಲಿ ನೋಡಿ ಅರ್ಜಿ ಹಾಕಿದ್ದೆ. ಉತ್ತರ ಶಾಲೆಯ ವಿಳಾಸಕ್ಕೆ ಬಂತು: ಅಕ್ಟೋಬರ್ ಹದಿನಾಲ್ಕು, ಶುಕ್ರವಾರ, ಬೆಳಿಗ್ಗೆ ಹನ್ನೊಂದಕ್ಕೆ ಸಂದರ್ಶನ. ರಜೆಗೆ ಹೈದರಾಬಾದಿಗೆ ಹೋಗೋಣ ಎಂದವಳು ನಾನು. ಗೋಲ್ಕೊಂಡದ ಗುಡ್ಡದ ನೆತ್ತಿಗೆ ಮಣ್ಣಿನ ಕೊಳವೆಯಲ್ಲಿ ನೀರು ಏರಿಸುತ್ತಿದ್ದರಂತಲ್ಲ, ಕಾಲೇಜಿನ ದಿನದಿಂದ ಹೇಳುತ್ತೀರಿ, ಒಮ್ಮೆ ನೋಡಿಬಿಡಿ ಎಂದು ನಿಮಗೆ ಆಸೆ ಹಚ್ಚಿದವಳೂ ನಾನೇ. ಶುಕ್ರವಾರವೇ ತಂತಮ್ಮ ದಿನ ಇರಲಿ ಎಂದವಳೂ ನಾನೇ. ನಾಂಪಲ್ಲಿಯ ಲಾಡ್ಜಿನಲ್ಲಿ ಆ ಬೆಳಿಗ್ಗೆ ನಾನು ಒಳ್ಳೆಯ ಮಂಗಳಗಿರಿ ಸೀರೆ ಉಟ್ಟದ್ದನ್ನು ನೋಡಿ, "ಮ್ಯೂಸಿಯಮ್ಮಿಗೆ ಇಷ್ಟು ಚಂದ ಸೀರಿ? ಆ ಗಡಿಯಾರದ ಮುದುಕ ಪುಣ್ಯಾ ಮಾಡ್ಯಾನ" ಎಂದಿರಿ. ಏಳನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಪ್ರವಾಸದಲ್ಲಿ ನೋಡಿದ ಆ ಗಡಿಯಾರದ ಕಥೆ ಹೇಳಿ ಹೇಳಿ ನಾನು ಇಪ್ಪತ್ತು ವರ್ಷದಿಂದ ನಿಮ್ಮ ತಲೆ ತಿಂದಿದ್ದೆ. ನಾನು ನಗಲಿಲ್ಲ. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಕನ್ನಡಿಗೆ ತಿರುಗಿದೆ.

ಸಂದರ್ಶನದಲ್ಲಿ ಪೂರ್ವಿಗಿಂತ ನಾಲ್ಕು ವರ್ಷ ದೊಡ್ಡವನಿರಬಹುದಾದ ಒಬ್ಬ ಹುಡುಗ ಕೂತಿದ್ದ. ನಿಮಗೆ ಇಷ್ಟವಾದ ಯಾವುದಾದರೂ ವಸ್ತುವಿನ ಬಗ್ಗೆ ಎರಡು ನಿಮಿಷ ಮಾತಾಡಿ ಎಂದ. ನನ್ನ ಬಾಯಿಗೆ ಬಂದದ್ದು ಆ ಗಡಿಯಾರವೇ. ಗಂಟೆಯಾಗುವ ಮುಂಚೆ ಅಂಗಳದ ಜನ ಸದ್ದಿಲ್ಲದೆ ಕೂರುವುದು, ಪುಟ್ಟ ಬಾಗಿಲು ತೆರೆದು ಗಡ್ಡದ ಮುದುಕ ಹೊರಗೆ ಬರುವುದು, ಲೆಕ್ಕ ತಪ್ಪದೆ ಗಂಟೆ ಬಾರಿಸಿ, ಯಾರನ್ನೂ ನೋಡದೆ ಒಳಗೆ ಹೋಗುವುದು. ಆ ಹುಡುಗನಿಗೆ ಹಿಡಿಸಿತು. ಒಂದು ಗಂಟೆಗೆಲ್ಲ ಹೊರಗೆ ಬಂದಿದ್ದೆ. ಐದಕ್ಕೆ ಚಾರ್‌ಮಿನಾರಿನಲ್ಲಿ ಸೇರುವುದೆಂದು ಮಾತಾಗಿತ್ತು, ಇನ್ನೂ ಹೊತ್ತಿತ್ತು. ಆಡಲಿರುವ ಸುಳ್ಳು ಅರ್ಧವಾದರೂ ನಿಜವಾಗಲಿ ಎಂದು ಮ್ಯೂಸಿಯಮ್ಮಿಗೆ ಆಟೋ ಹತ್ತಿದೆ. ದಾರಿಯಲ್ಲಿ, ಸುಳ್ಳಿಗೆ ಸಾಕ್ಷಿ ಹುಡುಕಿಕೊಂಡು ಹೋಗುವುದು ಸುಳ್ಳು ಹೇಳುವುದಕ್ಕಿಂತ ಕೀಳು ಎನ್ನಿಸಿತು. ಅಬಿಡ್ಸಿನಲ್ಲಿ ಇಳಿದುಬಿಟ್ಟೆ. ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಒಂದು ಪುಟವನ್ನೂ ಓದದೆ ಮೂರು ಗಂಟೆ ನಿಂತಿದ್ದೆ. ಇಂಥ ಕಡೆ ನನಗೆ ಎಲ್ಲಿಲ್ಲದ ಪ್ರಾಮಾಣಿಕತೆ ಬರುತ್ತದೆ.

ಚಾರ್‌ಮಿನಾರಿಗೆ ನಾನು ಬಂದಾಗ ನೀವು ಆಗಲೇ ಕಟ್ಟೆಯ ಮೇಲೆ ಕೂತಿದ್ದಿರಿ, ತೊಡೆಯ ಮೇಲೆ ಒಂದು ಹಸಿರು ತಗಡಿನ ಡಬ್ಬಿ, ಅದರ ಮೇಲೆ ಎದುರುಬದುರಾದ ಎರಡು ನವಿಲು. ಮುಖ ಬಿಸಿಲಿಗೆ ಕೆಂಪಾಗಿತ್ತು. "ಉಸ್ಮಾನಿಯಾ ಬಿಸ್ಕೀಟು. ಗೋಲ್ಕೊಂಡ ಕೋಟಿ ಕಡಿಂದ ತಂದೆ" ಎಂದಿರಿ. ರಂಜಾನ್ ತಿಂಗಳು, ಅದರಲ್ಲೂ ಶುಕ್ರವಾರ. ಮೆಕ್ಕಾ ಮಸೀದಿಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಉಪವಾಸ ಬಿಡುವ ಸೈರನ್ ಕೂಗಿದಾಗ ಪಕ್ಕದಲ್ಲಿ ಹಾಳೆ ಹಾಸಿ ಕೂತಿದ್ದ ಬಳೆಯಂಗಡಿಯವರು ನಮ್ಮಿಬ್ಬರ ಕೈಗೂ ಒಂದೊಂದು ಖರ್ಜೂರ ಇಟ್ಟರು. ಆಮೇಲೆ ನೀವು ನಿಮ್ಮ ಸಂಗತಿ ಹೇಳಿದಿರಿ: "ಕೋಟಿ ಬಾಗಲದಾಗ ನಿಂತು ಚಪ್ಪಾಳಿ ತಟ್ಟಿದರ ಮ್ಯಾಲೆ ಗುಡ್ಡದ ತುದೀಗೆ ಕೇಳಸ್ತೈತಂತ. ನಾನೂ ತಟ್ಟಿದೆ. ಕೇಳಿಸ್ತೋ ಇಲ್ಲೋ ಹೇಳಾಕ ಮ್ಯಾಲೆ ನಮ್ಮವರು ಯಾರೂ ಇರಲಿಲ್ಲ. ಅದಕ್ಕ ಎರಡು ಮಂದಿ ಬೇಕು." ಅಷ್ಟೇ. ಇಪ್ಪತ್ತೈದು ವರ್ಷ ಕನಸು ಕಂಡ ಮಣ್ಣಿನ ಕೊಳವೆಯ ಬಗ್ಗೆ ಒಂದು ಮಾತೂ ಇಲ್ಲ. ನನ್ನ ಸುಳ್ಳನ್ನು ಹೊತ್ತುಕೊಂಡಿದ್ದವಳಿಗೆ ಅದು ಹೊಳೆಯಲೂ ಇಲ್ಲ. ನಾನು ಬೆಳಿಗ್ಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನೇ ಸಂಜೆ ಕನ್ನಡಕ್ಕೆ ತಿರುಗಿಸಿ ನಿಮಗೆ ಒಪ್ಪಿಸಿದೆ. ಹನ್ನೆರಡು ಗಂಟೆಗೆ ಮುದುಕ ಹೊರಗೆ ಬಂದ, ಹನ್ನೆರಡು ಸಲ ಬಾರಿಸಿದ, ಪಕ್ಕದಲ್ಲಿ ಕೂತಿದ್ದ ಹೆಂಗಸು ಬೆರಳು ಮಡಚಿ ಎಣಿಸುತ್ತಿದ್ದಳು, ಎಂದು ಇಲ್ಲದ ಹೆಂಗಸನ್ನೂ ಸೇರಿಸಿದೆ. ನೀವು ಡಬ್ಬಿಯ ಮುಚ್ಚಳದ ಮೇಲೆ ಬೆರಳು ಆಡಿಸುತ್ತಾ ಪೂರ್ತಿ ಕೇಳಿದಿರಿ. "ಚಲೋ ಆತು. ಮುದುಕ ಇನ್ನೂ ದುಡಿಯಾಕತ್ತಾನಲ್ಲ" ಎಂದಿರಿ.

ನವೆಂಬರಿನಲ್ಲಿ ಕೆಲಸದ ಪತ್ರ ಬಂದಾಗ ಯಾರೋ ಗೆಳತಿ ನನ್ನ ಹೆಸರು ಕೊಟ್ಟಿದ್ದಳು ಎಂದೆ. ನೀವು ಎರಡು ಸಲ ಓದಿ ಮಡಚಿ ಕೊಟ್ಟಿರಿ. ಅವ್ವ ಮೂರು ದಿನ ನನ್ನೊಡನೆ ಮಾತಾಡಲಿಲ್ಲ; ನೀವು ಏನೂ ಆಗದವರಂತೆ ಹಳೆಯ ಸೂಟ್‌ಕೇಸಿನ ಜಿಪ್ ಹಾಕಿಸಿಕೊಂಡು ಬಂದಿರಿ. ನೀವು ಕೇಳಿದ ಪ್ರಶ್ನೆ ಒಂದೇ ಒಂದು: "ಆ ಮನಿಗೆ ನೀರು ಎಲ್ಲಿಂದ ಬರತೈತಿ?" ನಿಜ ಹೇಳುತ್ತೇನೆ, ಆ ಪ್ರಶ್ನೆಗೆ ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ನಾನು ಬಚ್ಚಿಟ್ಟದ್ದು ನೀವು ಬೇಡ ಎನ್ನುತ್ತೀರೆಂಬ ಭಯದಿಂದಲ್ಲ. ನೀವು ಯಾವುದಕ್ಕೂ ಬೇಡ ಎಂದವರಲ್ಲ. ಕೇಳಿದ ಕೂಡಲೇ ಹೂಂ ಎಂದುಬಿಡುತ್ತೀರಿ, ನಾನಿಲ್ಲದೆ ನಿಮಗೆ ನಡೆಯುತ್ತದೆ ಎಂದು ಆಗ ತಿಳಿದುಬಿಡುತ್ತದೆ ಎಂಬ ಭಯದಿಂದ. ಕೇಳದೇ ಇದ್ದರೆ ಅದು ತಿಳಿಯುವುದಿಲ್ಲವಲ್ಲ. ನಲವತ್ತು ದಾಟಿದ, ಇಂಗ್ಲಿಷ್ ಓದಿದ, ಊರ ಮಕ್ಕಳಿಗೆಲ್ಲ ಬುದ್ಧಿ ಹೇಳುವ ಹೆಂಗಸಿನ ವಿಚಾರ ಇದು. ಈ ಕೆಲಸ ನನಗೆ ಬೇಕಿತ್ತು, ಅದೂ ನಿಜ. ಯಾರದೋ ಹೆಂಡತಿ, ಯಾರದೋ ಟೀಚರ್ ಅಲ್ಲದೆ ನನಗೆ ಏನು ಬರುತ್ತದೆ ನೋಡಬೇಕಿತ್ತು. ಎರಡೂ ನಿಜ ಒಟ್ಟಿಗೆ ಇರಬಹುದೆಂದು ನಿಮ್ಮೆದುರು ಹೇಳಲು ಬರಲಿಲ್ಲ.

ಈಗ ಇಂದಿನ ಮಾತು. ಈ ತಿಂಗಳಿಂದ ನನ್ನ ವಾರದ ರಜೆ ಶುಕ್ರವಾರಕ್ಕೆ ಬಿದ್ದಿದೆ. ಸಹಿ ಹಾಕುವ ಮೊದಲು ಆ ಗಡಿಯಾರವನ್ನು ನೋಡಿಬಿಡೋಣ, ತಡವಾಗಿಯಾದರೂ ಸುಳ್ಳು ತೀರಲಿ ಎಂದು ಬೆಳಿಗ್ಗೆ ಹೊರಟೆ. ಎರಡು ಬಸ್ಸು ಬದಲಾಯಿಸಿ ಮೂಸಿ ನದಿಯ ಸೇತುವೆಯ ಹತ್ತಿರ ಇಳಿದು ನಡೆದೆ. ಗೇಟು ಹಾಕಿತ್ತು. ಸಮಯವಾಗಿಲ್ಲವೇನೋ ಎಂದು ನಿಂತೆ. ಕಾವಲಿನ ಮುದುಕ ಕುರ್ಚಿಯಿಂದ ಏಳದೆಯೇ, "ಜುಮ್ಮೇಕು ಬಂದ್ ರಹತಾ ಅಮ್ಮಾ" ಎಂದ. ಶುಕ್ರವಾರ ರಜೆಯಂತೆ. ಈ ವಾರ ಮಾತ್ರವೇ ಎಂದೆ. "ಹರ್ ಜುಮ್ಮೇಕು. ಬರಸೋಂ ಸೇ." ಎಷ್ಟೋ ವರ್ಷಗಳಿಂದ, ಪ್ರತಿ ಶುಕ್ರವಾರ.

ಮೊದಲು ನಾಚಿಕೆಯಾಯಿತು. ಮುಚ್ಚಿದ ಮ್ಯೂಸಿಯಮ್ಮಿನಲ್ಲಿ ಹನ್ನೆರಡು ಗಂಟೆ ಹೊಡೆಸಿದ್ದೆ, ಬೆರಳು ಮಡಚುವ ಹೆಂಗಸನ್ನು ಕೂರಿಸಿದ್ದೆ. ಪುಣ್ಯಕ್ಕೆ ಅವರಿಗೆ ಗೊತ್ತಿಲ್ಲ ಎಂದುಕೊಂಡು ಹಿಂದಕ್ಕೆ ತಿರುಗಿದೆ. ತಿರುಗಿದರೆ ರಸ್ತೆಯ ಆ ಬದಿಯಲ್ಲಿ ಒಂದು ಬೇಕರಿ. ಹಸಿರು ಬೋರ್ಡು, ಅದರ ಮೇಲೆ ಎದುರುಬದುರಾದ ಎರಡು ನವಿಲು.

ಆ ಡಬ್ಬಿ ನನ್ನ ಹತ್ತಿರವೇ ಇದೆ. ಬರುವಾಗ ತಂದಿದ್ದೆ, ನಿಮ್ಮ ಪತ್ರಗಳನ್ನು ಅದರಲ್ಲಿಡುತ್ತೇನೆ. ದಿನವೂ ಕಾಣುವ ನವಿಲುಗಳು. ಅಂಗಡಿಯೊಳಗೆ ಹೋಗಿ, ನಿಮ್ಮದು ಗೋಲ್ಕೊಂಡದ ಕಡೆಯೂ ಅಂಗಡಿ ಇದೆಯೇ ಎಂದು ಕೇಳಿದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಯಜಮಾನರು ನಕ್ಕರು. "ದೂಸ್ರಾ ದುಕಾನ್ ಕಾಯ್ಕು ಅಮ್ಮಾ? ಯೇಚ್ ಸಂಭಾಲನಾ ಮುಶ್ಕಿಲ್ ಹೈ." ಇದನ್ನು ಸಂಭಾಳಿಸುವುದೇ ಕಷ್ಟ, ಇನ್ನೊಂದು ಏಕೆ ಎಂದು. ನವಿಲಿನ ಡಬ್ಬಿ ಬೇರೆ ಎಲ್ಲೂ ಸಿಗುವುದಿಲ್ಲವಂತೆ. ರಂಜಾನಿನಲ್ಲಿ ಹಗಲು ಹೊತ್ತು ಇಲ್ಲಿ ಚಹಾ ಕೊಡುತ್ತೀರಾ ಎಂದೆ. ಇಲ್ಲ, ಪರದೆ ಇಳಿಸಿ ಡಬ್ಬಿ ಬಿಸ್ಕೀಟು ಮಾತ್ರ ಮಾರುತ್ತೇವೆ ಎಂದರು. ಹೋದ ವರ್ಷದ ಒಬ್ಬ ಗಿರಾಕಿಯ ನೆನಪು ಅವರಿಗೆ ಇರುವುದಿಲ್ಲ. ನಾನು ಕೇಳಲೂ ಇಲ್ಲ. ಒಂದು ಚಹಾ ತೆಗೆದುಕೊಂಡು ಗೇಟಿಗೆ ಎದುರಾದ ಮೇಜಿನಲ್ಲಿ ಕೂತೆ. ಅದು ತಣ್ಣಗಾಗುವವರೆಗೂ ಕೂತೇ ಇದ್ದೆ.

ಹಾಗಾದರೆ ನೀವು ಅಂದು ಬಂದಿದ್ದಿರಿ. ಕೋಟೆಯ ಬಾಗಿಲಲ್ಲಿ ಚಪ್ಪಾಳೆ ತಟ್ಟಿ, ಎರಡು ಮಂದಿ ಬೇಕು ಎನ್ನಿಸಿ, ಕೊಳವೆ ನೋಡುವುದನ್ನೂ ಬಿಟ್ಟು, ನನ್ನ ಜೊತೆ ಕೂತು ಆ ಮುದುಕನನ್ನು ನೋಡೋಣ ಎಂದು ಬಂದಿದ್ದಿರಿ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ತಂತಮ್ಮ ದಿನದ ನೇಮ ಮುರಿದು ಬಂದಿದ್ದಿರಿ. ಗೇಟು ಮುಚ್ಚಿತ್ತು. ನಾನೂ ಹೀಗೇ ಬಂದು ನಿರಾಶೆಯಾಗಿ ಇಲ್ಲೇ ಎಲ್ಲೋ ಇರಬೇಕೆಂದು ಹುಡುಕಿರುತ್ತೀರಿ. ಕೂರಲು ಜಾಗವಿಲ್ಲದೆ, ನಿಲ್ಲಲು ಒಂದು ನೆಪ ಬೇಕಾಗಿ ಡಬ್ಬಿ ಬಿಸ್ಕೀಟು ಕೊಂಡಿರುತ್ತೀರಿ. ಎಷ್ಟು ಹೊತ್ತು ನಿಂತಿರಿ? ಮುಖದ ಆ ಕೆಂಪು ಕೋಟೆಯದೋ ಆ ಗೇಟಿನದೋ? ನಾನು ಅಬಿಡ್ಸಿನಲ್ಲಿ ಇಳಿಯದೆ ಆಟೋದಲ್ಲಿ ಕೂತೇ ಇದ್ದಿದ್ದರೆ ಎರಡು ಗಂಟೆಗೆ ನೀವು ನನಗೆ ಸಿಗುತ್ತಿದ್ದಿರಿ. ಆಗ ಎಲ್ಲವನ್ನೂ ಹೇಳಿಬಿಡುತ್ತಿದ್ದೆ ಎಂದು ಅನ್ನಿಸುತ್ತದೆ. ಹೇಳುತ್ತಿರಲಿಲ್ಲವೇನೋ. ನನ್ನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ.

ಸಂಜೆ ಕಟ್ಟೆಯ ಮೇಲೆ ಕೂತು, ಸುಳ್ಳೆಂದು ಗೊತ್ತಿದ್ದೇ ನನ್ನ ಹನ್ನೆರಡು ಗಂಟೆಯನ್ನೂ ಕೇಳಿದಿರಿ. ನಾನು ಸಿಕ್ಕಿಬೀಳಬಾರದೆಂದು ನೀವೂ ಬಿಸ್ಕೀಟು ಕೋಟೆಯದು ಎಂದಿರಿ. ಕೆಲಸದ ಪತ್ರ ಬಂದಾಗ ಚಂದದ ಸೀರೆ, ಮುಚ್ಚಿದ ಗೇಟು ಎಲ್ಲ ನಿಮಗೆ ಸೇರಿ ಅರ್ಥವಾಗಿರುತ್ತದೆ. ಆಗಲೂ ಪ್ರಶ್ನೆ ಹಾಕಲಿಲ್ಲ. ಅದು ನಾನು ಬೇಡವಾದದ್ದಕ್ಕಲ್ಲ, ನಮ್ಮ ನೇಮಕ್ಕಾಗಿ ಎಂದು ನನಗೆ ಇಂದು ಹೊಳೆಯಿತು. ನೀವು ಹದಿಮೂರು ತಿಂಗಳಿಂದ ಆ ನೇಮ ಪಾಲಿಸುತ್ತಿದ್ದೀರಿ. ನಾನು ಅದರ ನೆರಳಿನಲ್ಲಿ ಅಡಗಿ ಕೂತು ನಿಮಗೇ ಕಲ್ಲುಮನಸ್ಸು ಎಂದುಕೊಂಡೆ. ಇಲ್ಲಿ ನಾನು ಹುಡುಗರಿಗೆ ಹನ್ನೆರಡು ಬಗೆಯಲ್ಲಿ ಕ್ಷಮೆ ಕೇಳುವುದನ್ನು ಕಲಿಸುತ್ತೇನೆ, ಬಿಲ್ಲು ತಪ್ಪಾದರೆ ಒಂದು, ಲೈನಿನಲ್ಲಿ ಕಾಯಿಸಿದರೆ ಒಂದು. ನಿಮ್ಮನ್ನು ಗೇಟಿನ ಮುಂದೆ ಕಾಯಿಸಿದ್ದಕ್ಕೆ ಅವುಗಳಲ್ಲಿ ಯಾವುದೂ ಹೊಂದುವುದಿಲ್ಲ. ತಪ್ಪಾಯಿತು.

ಈ ಫ್ಲಾಟಿನ ಬಾಲ್ಕನಿಯಲ್ಲಿ ಸಂಜೆ ಕೂತಾಗ ಇಂದಿಗೂ ದಿನದಲ್ಲಿ ಕಂಡ ಒಂದು ಸಂಗತಿಯನ್ನು ನಿಮಗೆಂದು ಆರಿಸಿ ಇಡುತ್ತೇನೆ. ಹನ್ನೊಂದು ತಿಂಗಳಾಯಿತು, ಮುನ್ನೂರಕ್ಕೂ ಮೇಲಾದವು. ಕೇಳುವವರಿಲ್ಲದೆ ಒಂದರ ಮೇಲೊಂದು ಕೂತಿವೆ. ಸೋರುವ ಟ್ಯಾಂಕರ್ ಅದರಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ.

ಹೊತ್ತಾಯಿತು. ಅವ್ವನ ಪಾದಕ್ಕೆ ನನ್ನ ಶರಣು ತಿಳಿಸಿ. ಅವರಿಗೆ ಬೇಕೆಂದ ಉಣ್ಣೆಯ ಮೊಣಕಾಲು ಪಟ್ಟಿ ಮಲ್ಲಪ್ಪನವರ ಕೈಯಲ್ಲಿ ಕೊಡುತ್ತೇನೆ. ಅನ್ನಮ್ಮನಿಗೆ ಅವಳ ರೊಟ್ಟಿಯ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ಹೇಳಿ. ಬಸವಣ್ಣ ನಿಮ್ಮನ್ನು ತಣ್ಣಗಿಟ್ಟಿರಲಿ, ನಿಮ್ಮ ಎದೆ ಉರಿಯನ್ನೂ.

ನಿಮ್ಮ,
ಸ್ನೇಹಲತಾ

ಮತ್ತೆ: ಮಲ್ಲಪ್ಪನವರು ಕೆಳಗೆ ಎರಡು ಸಲ ಹಾರ್ನ್ ಹೊಡೆದರು, ಅಕ್ಷರ ಕೆಟ್ಟರೆ ಬೈಯಬೇಡಿ. ಫಾರಮ್ಮಿಗೆ ಸಹಿ ಹಾಕಿಲ್ಲ, ನವಿಲಿನ ಡಬ್ಬಿಯಲ್ಲಿದೆ. ಭಾನುವಾರದ ನನ್ನ ತರಗತಿಯನ್ನು ಬೇರೆಯವರಿಗೆ ಒಪ್ಪಿಸಿದ್ದೇನೆ. ಮೊದಲ ಬಸ್ಸಿಗೆ ಬನ್ನಿ, ಇಮ್ಲಿಬನ್ ನಿಲ್ದಾಣದಲ್ಲಿ ನಾನಿರುತ್ತೇನೆ. ಈ ಸಲ ತಂತಮ್ಮ ದಿನ ಬೇಡ. ಕೋಟೆಗೆ ಹೋಗೋಣ. ನಾನು ಮೇಲೆ ಹತ್ತಿ ನಿಲ್ಲುತ್ತೇನೆ, ನೀವು ಬಾಗಿಲಲ್ಲಿ ತಟ್ಟಿ. ಕೇಳಿಸಿತೋ ಇಲ್ಲವೋ ಇಳಿದು ಬಂದು ಹೇಳುತ್ತೇನೆ. ಆಮೇಲೆ ನೀವು ನನ್ನನ್ನು ಒಂದು ಪ್ರಶ್ನೆ ಕೇಳಬೇಕು. ಉತ್ತರ ಏನು ಕೊಡುತ್ತೇನೋ ನನಗೇ ಗೊತ್ತಿಲ್ಲ, ಆದರೂ ಕೇಳಬೇಕು. ನೀರು ಎಲ್ಲಿಂದ ಬರುತ್ತದೆ ಎಂದಲ್ಲ.